ದೊಡ್ಡವ್ವನಿಗೆ ದಿನಾ ಒಂಚೂರು ಎಂಡ

ನಮ್ಮ ಮನೆಯ ಊಟದ ತಟ್ಟೆಗಳು ಅಂಗಡಿಯಿಂದ ಬಂದವಲ್ಲ. ಎಲ್ಲವೂ ನಾನು ಚರ್ಚಾಸ್ಪರ್ಧೆಗಳಲ್ಲಿ ಗೆದ್ದವು. ಹೈಸ್ಕೂಲಿನಿಂದ ಡಿಗ್ರಿಯವರೆಗೆ ಚಳ್ಳಕೆರೆಯ ಸುತ್ತಮುತ್ತ ಎಲ್ಲಿ ಮೈಕು ಕಟ್ಟಿದರೂ ಹೋಗಿ, ವಿಷಯದ ವಿರೋಧವಾಗಿ ಮಾತಾಡಿ, ಒಂದು ಸ್ಟೀಲ್ ತಟ್ಟೆಯನ್ನೋ ಲೋಟವನ್ನೋ ಕಂಕುಳಿಗೆ ಸಿಕ್ಕಿಸಿಕೊಂಡು ಬರುತ್ತಿದ್ದೆ. 'ಪ್ರಥಮ' ಎಂದು ಕೊರೆದ ತಟ್ಟೆ ನನಗೆ, 'ದ್ವಿತೀಯ' ಅಪ್ಪನಿಗೆ, ಸಮಾಧಾನಕರ ಬಹುಮಾನ ಅವ್ವನಿಗೆ. ಶೇಂಗಾ ಎಣ್ಣೆ ಮಿಲ್ಲಿನಲ್ಲಿ ದಿನವಿಡೀ ಚೀಲ ಹೊತ್ತು ಬಂದ ಅಪ್ಪ ಆ ತಟ್ಟೆಯಲ್ಲಿ ಮುದ್ದೆ ಮುರಿಯುತ್ತಾ, "ಇದ್ರಾಗೆ ಯಾರ ಬಾಯಿ ಮುಚ್ಚಿಸಿದ್ದೆ?" ಎಂದು ಕೇಳುತ್ತಿದ್ದ. ನಾನು ಹೇಳುತ್ತಿದ್ದೆ. ಅವನು ಪಾಪ ಸುಮ್ಮನೆ ಉಣ್ಣುತ್ತಿದ್ದ.

'ವಿರೋಧವಾಗಿ' ಎಂಬ ಮಾತನ್ನು ಒತ್ತಿ ಹೇಳಬೇಕು. ವಿಷಯದ ಪರ ಮಾತಾಡುವವರು ಓದಿಕೊಂಡು ಬರಬೇಕಾಗುತ್ತದೆ. ವಿರೋಧಿಸುವವರಿಗೆ ಪರದವರ ಬಾಯಿ ನೋಡುತ್ತ ಕೂತರೆ ಸಾಕು. ಇದನ್ನು ನಾನು ಬಹಳ ಬೇಗ ಕಂಡುಕೊಂಡಿದ್ದೆ. ಹಾಗಾಗಿ ನನ್ನನ್ನು ನಾನೇ ದೊಡ್ಡ ಸಂದೇಹವಾದಿ ಎಂದು ಕರೆದುಕೊಳ್ಳುತ್ತಿದ್ದೆ. ಓದದೆ ಮಾತಾಡುವುದಕ್ಕೆ ಅದಕ್ಕಿಂತ ಗೌರವದ ಹೆಸರು ಇಲ್ಲ.

ಎರಡು ಸಾವಿರದ ಇಸವಿ ದಾಟಿ ಏಳೆಂಟು ವರ್ಷಗಳಾಗಿದ್ದವು. ಸಂಕ್ರಾಂತಿ ಕಳೆದು ಕಾಲೇಜಿಗೆ ರಜೆ ಬಿಟ್ಟಿತ್ತು. ಮೊಳಕಾಲ್ಮೂರಿನಿಂದ ಅಣ್ಣನ ಫೋನು ಬಂತು. ಅಣ್ಣ ಎಂದರೆ ನನ್ನ ದೊಡ್ಡವ್ವನ ಮಗ. ದೊಡ್ಡವ್ವ ಎಂದರೆ ಅವ್ವನ ಅಕ್ಕ, ರೇಷ್ಮೆ ಸೀರೆ ನೇಯುವವಳು. ದೊಡ್ಡಪ್ಪ ತೀರಿಹೋದ ಮೇಲೂ ಆ ಮನೆಯ ಮಗ್ಗ ನಿಂತಿದ್ದಿಲ್ಲ. ಈಗ ಅಣ್ಣ ಅದನ್ನು ನಿಲ್ಲಿಸುವ ಮಾತಾಡುತ್ತಿದ್ದ.

"ಚಿಕ್ಕವ್ವಾ, ಅವ್ವಗೆ ಅರಳು ಮರಳು ಹಿಡಿದೈತೆ," ಎಂದ. "ಒಲೆ ಮೇಲೆ ಸಾರಿಟ್ಟು ಮರೀತಾಳೆ. ಮಾತಾಡ್ಸಿದ್ರೆ ಮೂರು ಸಲಕ್ಕೊಂದ್ಸಲ ಹ್ಞೂಂ ಅಂತಾಳೆ. ಮದುವೆ ಸೀರೆ ಒಂದರ ಬುಟ್ಟಾ ಹೂವು ಎಲ್ಲಾ ತಲೆಕೆಳಗೆ ನೇದಾಳೆ. ಮೊನ್ನೆ ಮಗ್ಗದ ಗುಣಿಯಿಂದ ಎದ್ದೇಳಕ್ಕೆ ಆಗ್ದಂಗೆ ನಾನು ಬರೋಗಂಟ ಅಲ್ಲೇ ಕುಂತಿದ್ಲು. ಮಗ್ಗ ಬಿಚ್ಚಿಸಿ, ಗುಣಿ ಮುಚ್ಚಿ, ಸಿಮೆಂಟು ಹಾಕಿಸ್ತೀನಿ. ಸಾಕು ಅವ್ಳು ದುಡಿದಿದ್ದು."

ಆ ಮಗ್ಗಗಳನ್ನು ನೆಲದಲ್ಲಿ ಗುಣಿ ತೋಡಿ ಕೂರಿಸುತ್ತಾರೆ. ನೇಯುವವರು ಗುಣಿಯ ಅಂಚಿನಲ್ಲಿ ಕೂತು, ಕಾಲು ಒಳಗೆ ಇಳಿಬಿಟ್ಟು, ಹಲಗೆ ತುಳಿಯುತ್ತಾರೆ. ಗುಣಿ ಮುಚ್ಚಿದರೆ ಮಗ್ಗ ಮತ್ತೆ ಎದ್ದೇಳುವುದಿಲ್ಲ.

ಅವ್ವ ಫೋನಿಟ್ಟು ನನ್ನ ಕಡೆ ತಿರುಗಿದಳು. "ಮಗ್ಗ ತೆಗೆದ್ರೆ ಅಕ್ಕ ಉಳಿಯಲ್ಲ ಕಣೇ. ನೀನು ಬಾಯಿರೋಳು, ಹೋಗು. ಇಷ್ಟು ವರ್ಷ ತಟ್ಟೆ ತಂದಿದೀಯ, ಒಂದ್ಸಲ ಮನುಷ್ಯರಿಗೆ ಉಪಯೋಗ ಆಗೋ ಮಾತಾಡು."

ಬಸ್ಸಿನಲ್ಲಿ ಕೂತು ಬಿ.ಜಿ. ಕೆರೆ ಊರು ದಾಟುವಷ್ಟರಲ್ಲಿ ನನ್ನ ಭಾಷಣ ಸಿದ್ಧವಾಗಿತ್ತು. ದೊಡ್ಡವ್ವನಿಗೆ ಏನಾಗಿದೆ ಎಂಬುದು ನನಗೆ ಗೊತ್ತಿರಲಿಲ್ಲ. ಅಣ್ಣ ಅರಳು ಮರಳು ಎಂದಿದ್ದಾನೆ, ಆದ್ದರಿಂದ ಅದು ಅರಳು ಮರಳಲ್ಲ. ಅವನು "ಅವ್ವ ಚೆನ್ನಾಗಿದಾಳೆ" ಎಂದಿದ್ದರೆ ಅದೇ ಬಸ್ಸಿನಲ್ಲಿ ಅವಳ ಬುದ್ಧಿ ಕೆಟ್ಟಿದೆ ಎನ್ನುವುದಕ್ಕೆ ನಾಲ್ಕು ಪುರಾವೆ ಜೋಡಿಸಿಕೊಂಡು ಇಳಿಯುತ್ತಿದ್ದೆ.

ದೊಡ್ಡವ್ವನನ್ನು ನೋಡಿದಾಗ ಮಾತ್ರ ಭಾಷಣದ ಮೊದಲ ಪುಟ ಮರೆತುಹೋಯಿತು. ಮಗ್ಗದ ಕೋಣೆಯಲ್ಲಿ ಗೋಡೆಗೊರಗಿ ಕೂತಿದ್ದಳು. ಕಿಟಕಿಗೆ ಎಂದಿನಂತೆ ನೆನೆಸಿದ ಗೋಣಿಚೀಲ ಕಟ್ಟಿತ್ತು. ಬಿಸಿಲು ಬಿದ್ದರೆ ರೇಷ್ಮೆ ಎಳೆ ಒಣಗಿ ಪಟಪಟ ಹರಿಯುತ್ತದೆ, ಬಣ್ಣ ಇಳಿಯುತ್ತದೆ. ಅದಕ್ಕೇ ಆ ಕೋಣೆಯಲ್ಲಿ ವರ್ಷವಿಡೀ ಮುಸ್ಸಂಜೆ. ಅಲ್ಲಿ ಒಂದು ಬಲ್ಬು ಮಂಕಾಗಿ ಉರಿಯುತ್ತಿತ್ತು. ಅದರ ಕೆಳಗೆ ದೊಡ್ಡವ್ವ. "ಯಾರಾ?" ಎಂದಳು. ನಾನು ಹೇಳಿದೆ. "ಹ್ಞೂಂ" ಎಂದಳು. ಚಿಕ್ಕಂದಿನಲ್ಲಿ ನನ್ನ ಕೆನ್ನೆ ಹಿಂಡಿ ಹಿಂಡಿ ಕೆಂಪು ಮಾಡುತ್ತಿದ್ದವಳು ಅಷ್ಟಕ್ಕೇ ಸುಮ್ಮನಾದಳು.

ನಮ್ಮ ಕಡೆ ದೀಪಕ್ಕೂ ಮಂಕು, ಮನುಷ್ಯರಿಗೂ ಮಂಕು. ಎರಡಕ್ಕೂ ಒಂದೇ ಪದ. ಆ ಕೋಣೆಯಲ್ಲಿ ನಿಂತಾಗ ಅದು ಹೊಳೆಯಬಹುದಿತ್ತು. ಹೊಳೆಯಲಿಲ್ಲ. ಯಾರೂ ಎದುರು ಮಾತಾಡದಿದ್ದರೆ ನನಗೆ ಏನೂ ಹೊಳೆಯುವುದಿಲ್ಲ.

ಅಣ್ಣನ ಜೊತೆ ಎರಡು ಮಾತಿನಲ್ಲೇ ಜಗಳವಾಯಿತು.

"ಡಾಕ್ಟರಿಗೆ ತೋರ್ಸಿದ್ಯಾ?"

"ವಯಸ್ಸಿಗೆ ಔಷಧಿ ಐತೇನೇ?"

"ಅರವತ್ತೇ ಆಗಿಲ್ಲ ಅವಳಿಗೆ! ಗಾದೆನೇ ಅರವತ್ತಕ್ಕೆ ಅರಳು ಮರಳು ಅನ್ನೋದು. ಗಾದೆ ಪ್ರಕಾರನೂ ನೀನು ತಪ್ಪು."

ಅಣ್ಣ ನನ್ನನ್ನೇ ನೋಡಿದ. ಕೆಟ್ಟವನಲ್ಲ ಅವನು. ಹಗಲೆಲ್ಲ ಬಾಡಿಗೆ ಟೆಂಪೋ ಓಡಿಸಿ ಬಂದು, ಅವ್ವ ಗುಣಿಯಂಚಿನಲ್ಲಿ ಏಳಲಾಗದೆ ಕೂತಿದ್ದನ್ನು ಕಂಡವನು ಅವನು, ಕಾಣದವಳು ನಾನು. "ಸರಿ, ಕರ್ಕೊಂಡು ಹೋಗು," ಎಂದ. "ಆದ್ರೆ ಟ್ರ್ಯಾಕ್ಟರ್‌ನೋನಿಗೆ ಮಣ್ಣು ಹೇಳಿಬಿಟ್ಟಿದೀನಿ. ಇನ್ನೊಂದು ವಾರದಾಗೆ ಬರ್ತೈತೆ."

ಮರುದಿನ ದೊಡ್ಡವ್ವನನ್ನು ಆಟೋದಲ್ಲಿ ಕೂರಿಸಿಕೊಂಡು ಊರಿಗೆ ಹೊಸದಾಗಿ ಬಂದಿದ್ದ ಡಾಕ್ಟರ ಬಳಿ ಹೋದೆ. ಆಂಧ್ರದ ಕಡೆಯವರು, ಎಳೆ ವಯಸ್ಸು. ಕನ್ನಡ ಕಲಿಯುತ್ತಿದ್ದರು. ಪದ ಸಿಗದ ಕಡೆ ತೆಲುಗು ತುರುಕುತ್ತಿದ್ದರು. ಮೊಳಕಾಲ್ಮೂರಿನಲ್ಲಿ ಅದನ್ನು ಯಾರೂ ಗಮನಿಸುವುದೂ ಇಲ್ಲ. ಅಲ್ಲಿ ಒಂದು ವಾಕ್ಯ ಕನ್ನಡದಲ್ಲಿ ಹತ್ತಿ ತೆಲುಗಿನಲ್ಲಿ ಇಳಿಯುತ್ತದೆ. ಚಳ್ಳಕೆರೆಯ ನನಗೆ ತೆಲುಗು ಬರುತ್ತಿರಲಿಲ್ಲ. ಬರುವುದಿಲ್ಲ ಎಂದು ಒಪ್ಪಿಕೊಳ್ಳುವುದೂ ಬರುತ್ತಿರಲಿಲ್ಲ.

ಡಾಕ್ಟರು ದೊಡ್ಡವ್ವನ ಮೊಣಕಾಲಿನ ಕೆಳಗಿನ ಎಲುಬನ್ನು ಹೆಬ್ಬೆರಳಿನಿಂದ ಒತ್ತಿದರು. ಅವಳು "ಅವ್ವಾ" ಎಂದು ಕಾಲು ಎಳೆದುಕೊಂಡಳು. ಕೈ ಊರದೆ ಸ್ಟೂಲಿನಿಂದ ಏಳಲು ಹೇಳಿದರು. ಆಗಲಿಲ್ಲ. ದಿನಾ ಎಷ್ಟು ಹೊತ್ತು ಮಗ್ಗದಲ್ಲಿ ಎಂದು ಕೇಳಿದರು. ಬೆಳಗಿನಿಂದ ಸಂಜೆವರೆಗೆ ಎಂದಳು. ಹೊರಗೆ? "ನೀರು ಬಿಟ್ಟಾಗ ಕೊಡ ಹಿಡಿಯಕ್ಕೆ." ಡಾಕ್ಟರು ತಲೆಯಾಡಿಸಿ ನನ್ನ ಕಡೆ ತಿರುಗಿದರು.

"ನೋಡಮ್ಮಾ, ಅಮ್ಮಗೆ ಎಂಡ ಸಾಲ್ತಾ ಇಲ್ಲ."

ಓದುವವರಿಗೆ ಇಲ್ಲೊಂದು ಮಾತು ಹೇಳಬೇಕು. ನಮ್ಮ ಓಣಿಯಲ್ಲಿ 'ಹ' ಎಂಬ ಅಕ್ಷರಕ್ಕೆ ಅಷ್ಟಾಗಿ ಬೆಲೆಯಿಲ್ಲ. ಹಳ್ಳಿ ಅಳ್ಳಿಯಾಗುತ್ತದೆ, ಹೆಂಡತಿ ಎಂಡ್ತಿಯಾಗುತ್ತಾಳೆ. ಕುಡಿಯುವ ಹೆಂಡ, ಎಂಡ.

"ಏನಂದ್ರಿ?" ಎಂದೆ.

"ಎಂಡ. ಅದು ಇಲ್ಲದ್ದಕ್ಕೇ ಮೂಳೆ ವೀಕು, ಮನಸ್ಸು ಡಲ್ಲು. ಮೆದುಳಿಗೂ ಅದು ಬೇಕು ಅಂತ ಈಗ ಹೇಳ್ತಾ ಇದಾರೆ. ದಿನಾ ಒಂಚೂರು ಎಂಡ ತಗೋಬೇಕು."

"ದಿನಾನಾ?"

"ದಿನಾ. ಬೆಳಿಗ್ಗೆ ಬೆಳಿಗ್ಗೆ ಬೇಡ, ಅದ್ರಲ್ಲಿ ಸತ್ವ ಇರಲ್ಲ. ಹನ್ನೊಂದು ಗಂಟೆ ಮೇಲಿನದು ಸ್ಟ್ರಾಂಗು."

ಮೈಯೆಲ್ಲ ಉರಿಯತೊಡಗಿತು. ಆದರೂ ಎದುರಾಳಿಯ ನಿಲುವನ್ನು ಪೂರ್ತಿ ಬಿಚ್ಚಿಸಿಯೇ ಹೊಡೆಯಬೇಕೆಂಬುದು ಚರ್ಚೆಯ ನಿಯಮ. ತಣ್ಣಗೆ ಕೇಳಿದೆ. "ಖಾಲಿ ಹೊಟ್ಟೇಲೋ, ಊಟ ಆದ್ಮೇಲೋ?"

"ಖಾಲಿ ಹೊಟ್ಟೆ ಬೇಡಮ್ಮಾ, ತಲೆ ತಿರುಗುತ್ತೆ."

"ಮನೆ ಮುಂದೆ ನಾಲ್ಕು ಜನ ಓಡಾಡ್ತಾರೆ, ಡಾಕ್ಟ್ರೇ."

"ನಾಚಿಕೆ ಆದ್ರೆ ಹಿತ್ತಲಲ್ಲಿ. ತಲೆ ಮೇಲಿನ ಸೆರಗು ತೆಗೀಬೇಕು, ತೋಳು ಮೇಲಕ್ಕೆ ಮಡಿಚ್ಕೋಬೇಕು."

ತೋಳು ಮಡಿಚಿಕೊಂಡು ಹೆಂಡ! ನಾನು ಎದ್ದು ನಿಂತೆ. "ಮಾನ್ಯ ಡಾಕ್ಟ್ರೇ," ಎಂದೆ. ಮೈಕಿಲ್ಲದಿದ್ದರೂ ಎದ್ದು ನಿಂತಾಗ ನನ್ನ ಬಾಯಿಗೆ 'ಮಾನ್ಯ' ತಾನಾಗಿ ಬರುತ್ತದೆ. "ಎಂಡದಿಂದ ಎಷ್ಟು ಸಂಸಾರ ಹಾಳಾಗಿದಾವೆ, ನಿಮಗೆ ಗೊತ್ತೇನ್ರೀ? ಎಂಡ ಮೆದುಳನ್ನ ಕೆಡಿಸುತ್ತೆ ಅನ್ನೋದು ಹಸುಗೂಸಿಗೂ ಗೊತ್ತು. ಚಳ್ಳಕೆರೇಲಿ ನಮ್ಮ ಓಣೀಲೇ ಎಂಡಕ್ಕೆ ಬಿದ್ದು ಚರಂಡೀಲಿ ಮಲಗೋರಿದಾರೆ!"

ಡಾಕ್ಟರು ಗಾಬರಿಯಾದರು. "ಎಂಡಕ್ಕೆ ಬೀಳ್ತಾರಾ? ಚಳ್ಳಕೆರೇಲಾ? ಅಷ್ಟು ಜಾಸ್ತಿನಾ?" ಎಂದವರು, ಸಾವರಿಸಿಕೊಂಡು, "ಹೌದಮ್ಮಾ, ಅತಿ ಆದ್ರೆ ಕಷ್ಟನೇ. ಬೇಸಿಗೇಲಿ ಹುಷಾರಾಗಿರ್ಬೇಕು. ಆದ್ರೆ ಇದು ಫ್ರೀ ಅಲ್ವಾ, ದೇವರು ಕೊಟ್ಟಿದ್ದು," ಎಂದರು.

"ಫ್ರೀ! ಯಾರ್ರೀ ಫ್ರೀಯಾಗಿ ಕೊಡೋರು?"

ಡಾಕ್ಟರು ನಿಸ್ಸಹಾಯಕರಾಗಿ ಬೆರಳನ್ನು ಮೇಲಕ್ಕೆ ತೋರಿಸಿದರು. ನಾನು ತಾರಸಿ ನೋಡಿದೆ.

ಅಷ್ಟು ಹೊತ್ತಿಗೆ ಪಕ್ಕದಲ್ಲಿ ದೊಡ್ಡವ್ವನ ಭುಜ ಅಲುಗುತ್ತಿತ್ತು. ಸೆರಗು ಬಾಯಿಗೆ ಒತ್ತಿಕೊಂಡಿದ್ದಳು. ಅಳುತ್ತಿದ್ದಾಳೆ ಎಂದುಕೊಂಡು ಡಾಕ್ಟರಿಗೆ ಇನ್ನೊಂದು ಸುತ್ತು ಬಯ್ಯಲು ಬಾಯಿ ತೆರೆದೆ. ಸೆರಗು ಕೆಳಗೆ ಬಂತು. ದೊಡ್ಡವ್ವ ನಗುತ್ತಿದ್ದಳು. ಕಣ್ಣಲ್ಲಿ ನೀರು ಬರುವಂತೆ, ಉಸಿರು ಸಿಕ್ಕಿಕೊಂಡು, ಸ್ಟೂಲು ಕುಯ್ಯೆನ್ನುವಂತೆ ನಗುತ್ತಿದ್ದಳು.

"ಏ ಹುಚ್ಚು ಮುಂಡೇದೇ, ಕುಂತ್ಕಳೇ! ತೆಲುಗ್ನಾಗೆ ಎಂಡ ಅಂದ್ರೆ ಬಿಸಿಲು ಕಣೇ! ಅವ್ರು ಬಿಸಿಲು ಕಾಯ್ಸು ಅಂತಾವ್ರೆ, ನೀನು ನನ್ನ ಕುಡುಕಿ ಮಾಡ್ಕಂಡು ಕುಂತಿದೀಯ!"

ಆಮೇಲೆ ಡಾಕ್ಟರ ಕಡೆ ತಿರುಗಿ, ತೆಲುಗಿನಲ್ಲಿ, ನಮ್ಮ ಕಡೆಯ ಎಂಡ ಯಾವುದು, ಅವರ ಎಂಡ ಯಾವುದು, ಈ ಹುಡುಗಿ ಎಲ್ಲಿ ಎಡವಿದಳು ಎಂಬುದನ್ನೆಲ್ಲ ವಿವರಿಸಿದಳು. ಪ್ರತಿ ತಿರುವಿನಲ್ಲೂ ಕೈಯಿಂದ ನನ್ನನ್ನು ತೋರಿಸುತ್ತಿದ್ದಳು. ಡಾಕ್ಟರು ಮೇಜು ಬಡಿದು ನಕ್ಕರು. ಹೊರಗೆ ಕೂತಿದ್ದ ರೋಗಿಗಳು ಬಾಗಿಲಿನಿಂದ ಇಣುಕಿದರು.

ಸೋತವಳು ಕೂತುಕೊಳ್ಳಬೇಕಿತ್ತು. ನನಗೆ ಗಂಟೆ ಬಾರಿಸುವವರೆಗೂ ಮಾತಾಡಿ ಅಭ್ಯಾಸ. "ಬಿಸಿಲೇ ಆಗ್ಲಿ," ಎಂದೆ, "ಅದೂ ಒಪ್ಪೋ ಮಾತಲ್ಲ. ಇಲ್ಲಿ ಬಿಸಿಲಿಗೆ ಬರ ಐತೇನ್ರೀ? ಕಲ್ಲು ಸಿಡಿಯೋ ಊರಿದು. ನೀವು ಓದಿರೋದು ವರ್ಷದಾಗೆ ಆರು ತಿಂಗಳು ಸೂರ್ಯನ್ನೇ ಕಾಣ್ದಿರೋ ದೇಶದೋರು ಬರೆದಿದ್ದು."

ಡಾಕ್ಟರು ಬೇಸರ ಮಾಡಿಕೊಳ್ಳಲಿಲ್ಲ. "ಬಿಸಿಲು ಊರಿನ ಮೇಲೆ ಬೀಳುತ್ತಮ್ಮಾ," ಎಂದರು. "ಅಮ್ಮನ ಮೇಲೆ ಬೀಳಲ್ಲ."

ರಕ್ತ ದಾವಣಗೆರೆಗೆ ಹೋಗಿ, ಎರಡು ದಿನಕ್ಕೆ ರಿಪೋರ್ಟು ಬಂತು. ಥೈರಾಯ್ಡು, ಸಕ್ಕರೆ ಎಲ್ಲ ಸರಿಯಿತ್ತು. ವಿಟಮಿನ್ ಡಿ ಮಾತ್ರ ಇರಬೇಕಾದ್ದರಲ್ಲಿ ಅರ್ಧವೂ ಇರಲಿಲ್ಲ. ವಾರಕ್ಕೊಂದು ಪುಡಿ ಹಾಲಿನಲ್ಲಿ ಕದಡಿ ಕುಡಿಯಬೇಕು, ದಿನಾ ಸ್ವಲ್ಪ ಬಿಸಿಲು ಕಾಯಬೇಕು. ಮರೆವಿನ ವಿಚಾರ ಕೇಳಿದ್ದಕ್ಕೆ ಡಾಕ್ಟರು ಪ್ರಾಮಾಣಿಕರಾಗಿಯೇ ಹೇಳಿದರು. ಮೂಳೆ, ಸ್ನಾಯುವಿನ ಮಾತಾದರೆ ಧೈರ್ಯ ಕೊಡುತ್ತೇನೆ. ಮೆದುಳಿನ ಮಾತು ಹಾಗಲ್ಲ. ಈ ವಿಟಮಿನ್ನನ್ನು ಹಿಡಿದುಕೊಳ್ಳುವ ಜಾಗಗಳು ಮೆದುಳಿನಲ್ಲೂ ಇವೆ; ಮಂಕು ಕವಿದವರಲ್ಲಿ, ಮರೆವಿನವರಲ್ಲಿ ಅದು ಕಡಿಮೆ ಇರುವುದೂ ಕಂಡಿದೆ. ಆದರೆ ಕಡಿಮೆ ಆಗಿದ್ದಕ್ಕೆ ಮಂಕೋ, ಮಂಕಾಗಿ ಒಳಗೇ ಕೂತಿದ್ದಕ್ಕೆ ಕಡಿಮೆಯೋ, ಅದು ಇನ್ನೂ ತೀರ್ಮಾನವಾಗಿಲ್ಲ. "ನೋವು ಹೋದ್ರೆ ನಿದ್ದೆ ಬರುತ್ತೆ, ನಿದ್ದೆ ಬಂದ್ರೆ ತಲೆ ತಿಳಿಯಾಗುತ್ತೆ. ಅಷ್ಟು ಆದ್ರೂ ಸಾಕಲ್ವಾ?"

ಇಂಥ ಉತ್ತರ ನನಗೆ ಮೊದಲಿನಿಂದಲೂ ಆಗುವುದಿಲ್ಲ. ಪರವೋ ವಿರೋಧವೋ ಹೇಳದೆ ನಡುವೆ ನಿಂತವರಿಗೆ ಯಾವ ತೀರ್ಪುಗಾರರೂ ತಟ್ಟೆ ಕೊಡುವುದಿಲ್ಲ.

ರಿಪೋರ್ಟು ಹಿಡಿದು ಮನೆಗೆ ಬಂದು ಅಣ್ಣನೆದುರು ನನ್ನ ಹೊಸ ವಾದ ಮಂಡಿಸಿದೆ. ಎರಡು ದಿನದ ಹಿಂದಷ್ಟೇ ಬಿಸಿಲನ್ನು ವಿರೋಧಿಸಿದ್ದವಳು ಈಗ ಅದರ ವಕೀಲಳಾಗಿದ್ದೆ. "ಎರಡು ಭಾಷೇಲಿ ಒಂದು ಪದ ಎಲ್ಲಿ ಡಿಕ್ಕಿ ಹೊಡೀತು ಅಂತ ನನಗಿಂತ ಮೊದ್ಲು ದೊಡ್ಡವ್ವಗೆ ಗೊತ್ತಾಯ್ತು. ಡಾಕ್ಟ್ರಿಗಿಂತ್ಲೂ ಮೊದ್ಲು. ಇದು ಅರಳು ಮರಳಾ?"

"ಹಂಗಾರೆ ನಿಂಗೇ ಇರ್ಬೇಕು," ಎಂದ ಅಣ್ಣ. ಆದರೂ ಯೋಚಿಸಿದ. ಅವ್ವ ನಕ್ಕಳು ಎಂಬುದನ್ನು ಅವನು ನನ್ನಿಂದ ಎರಡು ಸಲ ಹೇಳಿಸಿಕೊಂಡ. ಕೊನೆಗೆ, "ಯುಗಾದಿಗಂಟ ನೋಡ್ತೀನಿ. ಅವ್ವ ಯಾರ ಕೈನೂ ಹಿಡೀದೆ ಮಗ್ಗದಿಂದ ತಾನೇ ಎದ್ದು ಬಂದ್ರೆ ಗುಣಿ ಉಳೀತೈತೆ. ಇಲ್ದಿದ್ರೆ ಮುಚ್ಚೋದೇ," ಎಂದ.

ಪುಡಿಯನ್ನು ದೊಡ್ಡವ್ವ ತಕರಾರಿಲ್ಲದೆ ಕುಡಿದಳು. ಬಿಸಿಲಿಗೆ ಮಾತ್ರ ಬರಲೊಲ್ಲಳು. ಮೂರ್ನಾಲ್ಕು ದಿನ ವಾದಿಸಿದೆ. ಅಂತರಕಾಲೇಜು ಮಟ್ಟದಲ್ಲೂ ಅಂಥ ಎದುರಾಳಿ ನನಗೆ ಸಿಕ್ಕಿರಲಿಲ್ಲ.

"ಬಿಸಿಲಿಗಿಟ್ರೆ ರೇಷ್ಮೆನೇ ಲಡ್ಡಾಗಿ ಬಣ್ಣ ಇಳೀತೈತೆ. ನಾನ್ಯಾವ ಗಟ್ಟಿ?"

"ನೀನು ರೇಷ್ಮೆ ಅಲ್ಲ ದೊಡ್ಡವ್ವಾ. ಚರ್ಮ ಬಿಸಿಲು ಕುಡಿದು ವಿಟಮಿನ್ ಮಾಡ್ತೈತೆ."

"ಕುಡಿಯೋದಾದ್ರೆ ಮೆಣಸಿನಕಾಯಿ ಕುಡಿದೈತಲ್ಲ?" ಹಿತ್ತಲಿನಲ್ಲಿ ಹರವಿದ್ದ ಕೆಂಪು ಮೆಣಸಿನಕಾಯಿ ತೋರಿಸಿದಳು. "ವಾರಗಟ್ಲೆ ಬಿಸಿಲು ಕುಡಿದೈತೆ. ಅದನ್ನ ನಾನು ಎರಡೊತ್ತೂ ಸಾರ್ನಾಗೆ ತಿಂತೀನಿ. ಎಲ್ಲೋಯ್ತು ಆ ಬಿಸಿಲು?"

ಅದಕ್ಕೆ ಉತ್ತರವಿದೆ. ಇವತ್ತು ಗೊತ್ತಿದೆ. ಅವತ್ತು ಗೊತ್ತಿರಲಿಲ್ಲ. ನಾನು ಮಾತು ತಿರುಗಿಸಿ, ಬಿಸಿಲಿನಿಂದ ಮೆದುಳು ಚುರುಕಾಗುತ್ತದೆ ಎಂದೆ. ಡಾಕ್ಟರು ಹೇಳದ ಗ್ಯಾರಂಟಿಯನ್ನು ನಾನು ಸೇರಿಸಿದ್ದೆ.

"ಹಂಗಾರೆ ಬಿ.ಜಿ. ಕೆರೆ ಹೊಲದಾಗೆ ಬೆಳಗಿಂದ ಬೈಗಿನಗಂಟ ಕಳೆ ಕೀಳೋರೆಲ್ಲ ಮಹಾ ಬುದ್ಧಿವಂತರಾಗಿರ್ಬೇಕಲ್ಲ? ನೀನು ನೆಳ್ನಾಗೆ ಕುಂತು ಓದೀಯ, ದಡ್ಡಿ ಆಗಿರ್ಬೇಕಲ್ಲ?" ಸ್ವಲ್ಪ ತಡೆದು, "ಅದೇನೋ ನಿಜ ಇದ್ರೂ ಇರ್ಬೋದು," ಎಂದಳು.

ನೋಡಿ, ಮಂಕು ಹಿಡಿದವಳು ಎಂದು ನನ್ನನ್ನು ಕರೆಸಿದ್ದು ಇವಳಿಗಾಗಿ.

ಆದರೆ ಸಂಜೆಯಾದಂತೆ ಅವಳು ಮತ್ತೆ ಗೋಡೆಗೊರಗುತ್ತಿದ್ದಳು. ಕಾಲು ನೋವೆಂದು ಮುಖ ಹಿಂಡುತ್ತಿದ್ದಳು. ಒಮ್ಮೆ ಹಾಲು ಉಕ್ಕಿ ಒಲೆ ಆರಿದ್ದನ್ನು ಎದುರಿಗೇ ಕೂತು ನೋಡುತ್ತಿದ್ದಳು. ಅದು ಬೇರೆ ಯಾರದೋ ಮನೆಯ ಹಾಲೇನೋ ಎಂಬಂತೆ. ಅಣ್ಣ ಹೇಳಿದ್ದೇ ನಿಜವಾಗಿದ್ದರೆ? ಯುಗಾದಿ ದೂರವೇನೂ ಇರಲಿಲ್ಲ.

ಅವಳನ್ನು ಬಿಸಿಲಿಗೆ ತಂದಿದ್ದು ನನ್ನ ಮಾತಲ್ಲ, ಟ್ರ್ಯಾಕ್ಟರು. ಅಣ್ಣ ಮಣ್ಣು ಬೇಡವೆಂದು ಹೇಳಲು ಮರೆತಿದ್ದ. (ಆ ಮನೆಯಲ್ಲಿ ಮರೆವಿನ ಆಪಾದನೆ ಒಬ್ಬರ ಮೇಲೆ ಮಾತ್ರ ಇತ್ತು.) ಒಂದು ಮಧ್ಯಾಹ್ನ ಟ್ರ್ಯಾಕ್ಟರು ಬಂದು ಬಾಗಿಲೆದುರಿಗೇ ಒಂದು ಲೋಡು ಕೆಮ್ಮಣ್ಣು ಸುರಿದು ಹೋಯಿತು. ಸದ್ದಿಗೆ ದೊಡ್ಡವ್ವ ಗೋಡೆ ಹಿಡಿದು ಹೊಸ್ತಿಲಿಗೆ ಬಂದಳು.

"ಏನಿದು ಮಣ್ಣು?"

ಯಾರೂ ಮಾತಾಡಲಿಲ್ಲ. ನಾನೂ ಮಾತಾಡಲಿಲ್ಲ ಎನ್ನುವುದನ್ನು ದಾಖಲೆಗಾಗಿ ಹೇಳುತ್ತಿದ್ದೇನೆ.

"ನನ್ನ ಗುಣಿಗಾ?"

ಅಣ್ಣ ಟೆಂಪೋದ ಕನ್ನಡಿ ಒರೆಸತೊಡಗಿದ. ದೊಡ್ಡವ್ವ ಮೆಟ್ಟಿಲಿಳಿದಳು. ಕೈಯೂರಿ, ಮೊಣಕಾಲೂರಿ, ಮಣ್ಣಿನ ಗುಡ್ಡೆ ಹತ್ತಿದಳು. ಮೇಲೆ ಕೂತಳು. "ಮುಚ್ಚು ಮತ್ತೆ," ಎಂದಳು. "ಮೊದ್ಲು ನನ್ನ ಎತ್ತು, ಆಮೇಲೆ ಮಣ್ಣು ಎತ್ತು."

ಕೂತವಳಿಗೆ ಸೆಕೆಯಾಯಿತು. ತಲೆಯ ಸೆರಗು ಸರಿಸಿದಳು. ತೋಳು ಮಡಿಚಿದಳು. ಹನ್ನೊಂದರ ಮೇಲಿನ ಬಿಸಿಲು, ಖಾಲಿಯಲ್ಲದ ಹೊಟ್ಟೆ. ಡಾಕ್ಟರ ಚೀಟಿಯ ಒಂದಕ್ಷರವೂ ತಪ್ಪದಂತೆ ಚಿಕಿತ್ಸೆ ಶುರುವಾಗಿತ್ತು. ನಾನು ಒಳಗೆ ಹೋಗಿ ಅವ್ವನಿಗೆ ಫೋನು ಮಾಡಿ, "ಕೊನೆಗೂ ಒಪ್ಪಿಸಿದೆ," ಎಂದೆ.

ಮರುದಿನವೂ ಕೂತಳು, ಅದರ ಮರುದಿನವೂ. ತಾನು ಇಳಿದರೆ ಮಣ್ಣು ಒಳಗೆ ಹೋಗುತ್ತದೆಂಬ ಅನುಮಾನ ಅವಳಿಗೆ. ಬಿಸಿಲು ಚುರುಕಾದಾಗ ಎದ್ದು, ಗುಡ್ಡೆ ಕಾಣುವಂತೆ ಹೊಸ್ತಿಲ ನೆರಳಿನಲ್ಲಿ ಕಾವಲು ಕೂರುತ್ತಿದ್ದಳು. ದಾರಿಯಲ್ಲಿ ಹೋಗುವವರು ನಿಂತು ಮಾತಾಡಿಸತೊಡಗಿದರು. "ಏನಕ್ಕಾ, ಗುಡ್ಡದ ಮೇಲೆ ಕುಂತೀಯಾ?" ಎಂದರೆ, "ಎಂಡ ತಗೊಳ್ತಿದೀನಮ್ಮಾ, ಬಾ ನೀನೂ ಒಂಚೂರು," ಎನ್ನುತ್ತಿದ್ದಳು. ಅದರ ಹಿಂದೆಯೇ ನನ್ನ ಕತೆ. ವಾರ ಕಳೆಯುವಷ್ಟರಲ್ಲಿ ಮೊಳಕಾಲ್ಮೂರಿನಲ್ಲಿ ನಾನು ನಡೆದರೆ ಹೆಂಗಸರು ಒಬ್ಬರನ್ನೊಬ್ಬರು ತಿವಿಯುವಂತಾಯಿತು. ಇಷ್ಟು ವರ್ಷಗಳ ತಟ್ಟೆ ಲೋಟಗಳು ತಂದುಕೊಡದ ಕೀರ್ತಿ ಅದು.

ರಜೆ ಮುಗಿದು ನಾನು ಚಳ್ಳಕೆರೆಗೆ ಬಂದೆ. ಕಾಲೇಜು ಲೈಬ್ರರಿಯಲ್ಲಿ, ಸೈಬರ್ ಸೆಂಟರಿನಲ್ಲಿ ವಿಟಮಿನ್ ಡಿ ಬಗ್ಗೆ ಸಿಕ್ಕಿದ್ದೆಲ್ಲ ಓದಿದೆ. ಓದಿ ಮಾತಾಡಿದ್ದು ಬಹುಶಃ ಅದೇ ಮೊದಲು. ಆಮೇಲೆ ಸಿಕ್ಕಸಿಕ್ಕವರನ್ನು ಬಿಸಿಲಿಗೆ ಎಳೆಯತೊಡಗಿದೆ. ಇಡೀ ದಿನ ಬಿಸಿಲಿನಲ್ಲಿ ಚೀಲ ಹೊರುವ ಅಪ್ಪನಿಗೂ ಬಿಸಿಲಿನ ಮಹತ್ವ ಹೇಳಿದೆ. ಅವನು 'ದ್ವಿತೀಯ' ತಟ್ಟೆ ಸರಿಸಿ, "ನಾಳೆಯಿಂದ ನನ್ನ ಬದ್ಲಿ ನೀನೇ ಹೋಗವ್ವಾ ಮಿಲ್ಲಿಗೆ," ಎಂದ. ನಮ್ಮ ಬೀದಿಯ ಕೊನೆಯಲ್ಲಿ ಲಾರಿ ರಿಪೇರಿ ಮಾಡುವ ಚಾಚಾ ಇದ್ದರು. ಹಗಲೆಲ್ಲ ಲಾರಿಯ ಅಡಿಯಲ್ಲೇ ಮಲಗಿರುವವರು. ಅವರನ್ನೂ ಬಿಡಲಿಲ್ಲ. ಲಾರಿಯಡಿಯಿಂದ ತಲೆಯಷ್ಟೇ ಹೊರಗೆ ಹಾಕಿ ಎಲ್ಲ ಕೇಳಿಸಿಕೊಂಡು, "ಧೂಪ್ ಹೋನಾ ಕತೆ ಮೇರೇಕು!" ಎಂದು ಒಳಗಿದ್ದ ತಮ್ಮವರಿಗೆ ಕೂಗಿ ಹೇಳಿ ನಕ್ಕರು. ನನ್ನ ಜೊತೆಗಿದ್ದ ಅವ್ವ ಮನೆಗೆ ಬಂದವಳೇ ಕೆಂಡಕ್ಕೆ ಸಾಂಬ್ರಾಣಿ ಉದುರಿಸಿದಳು. ಯಾಕೆಂದರೆ, "ಆ ಸಾಬ್ರೇ ಹೇಳಿದ್ರಲ್ಲ, ಧೂಪ ಬೇಕು ಅಂತ. ನಾನು ಅಕ್ಕಗೆ ಮೊದ್ಲೇ ಹೇಳಿದ್ದೆ, ಮಂಕಿಗೆ ಧೂಪ ಹಾಕ್ಸು ಅಂತ." ಅವರ ಉರ್ದುವಿನ ಧೂಪ್ ಎಂದರೂ ಬಿಸಿಲೇ ಎಂದು ನಾನು ಹೇಳಬಹುದಿತ್ತು. ತಪ್ಪು ಕೇಳಿಸಿಕೊಂಡವರನ್ನು ತಿದ್ದುವ ಹಕ್ಕು ನನಗೆ ಉಳಿದಿರಲಿಲ್ಲ. ಹೊಗೆ ಕುಡಿದು ಸುಮ್ಮನಾದೆ.

ಯುಗಾದಿಯ ಹಿಂದಿನ ದಿನ ಅವ್ವನನ್ನು ಕರೆದುಕೊಂಡು ಮೊಳಕಾಲ್ಮೂರಿಗೆ ಹೋದೆ. ಬಾಗಿಲ ಮುಂದಿನ ಗುಡ್ಡೆ ಅರ್ಧಕ್ಕೆ ಇಳಿದಿತ್ತು. ಕೋಳಿ ಕೆದಕಿ, ಮಕ್ಕಳು ಜಾರಿ, ದೊಡ್ಡವ್ವ ಕೂತು ಕೂತು, ನೆತ್ತಿಯಲ್ಲಿ ಒಂದು ಅಚ್ಚುಕಟ್ಟಾದ ತಗ್ಗು. ಅವಳ ಮುಂಗೈ ಕಪ್ಪಾಗಿತ್ತು. "ನೋಡು, ಬಣ್ಣ ಇಳೀತೈತೆ ಅಂದಿದ್ನೋ ಇಲ್ಲೋ," ಎಂದಳು. ಎಷ್ಟೋ ತಿಂಗಳ ಮೇಲೆ ರಾತ್ರಿ ನೆಟ್ಟಗೆ ನಿದ್ದೆ ಬರುತ್ತಿದೆಯಂತೆ. ತಲೆಕೆಳಗಾಗಿದ್ದ ಬುಟ್ಟಾಗಳನ್ನು ತಾನೇ ಬಿಚ್ಚಿ ಮತ್ತೆ ನೇದಿದ್ದಳು. ಆದರೆ ಆ ಬೆಳಿಗ್ಗೆಯೇ ಸಾರಿಗೆ ಎರಡು ಸಲ ಉಪ್ಪು ಹಾಕಿದ್ದಳೆಂದು ಅಣ್ಣ ನನ್ನ ಕಿವಿಯಲ್ಲಿ ಹೇಳಿದ.

ಇದರಲ್ಲಿ ಪುಡಿಯ ಪಾಲೆಷ್ಟು, ಬಿಸಿಲಿನ ಪಾಲೆಷ್ಟು, ಬೀದಿಯವರ ಮಾತಿನ ಪಾಲೆಷ್ಟು, ಮಗನ ಮೇಲಿನ ಹಟದ ಪಾಲೆಷ್ಟು? ಸರಿಯಾಗಿ ಪರೀಕ್ಷೆ ಮಾಡಬೇಕಾದರೆ ಎಲ್ಲದರಲ್ಲೂ ಇವಳಂತೆಯೇ ಇರುವ ಇನ್ನೊಬ್ಬ ದೊಡ್ಡವ್ವ ಬೇಕಿತ್ತು. ಅವಳನ್ನು ಕತ್ತಲ ಕೋಣೆಯಲ್ಲೇ ಬಿಟ್ಟು ಹೋಲಿಸಿ ನೋಡಬೇಕಿತ್ತು. ಅಣ್ಣನಿಗೆ ಇದನ್ನು ವಿವರಿಸಿದೆ. "ಇನ್ನೊಬ್ಳಾ?" ಎಂದು ಕೈ ಮುಗಿದ. "ಬ್ಯಾಡ ತಾಯಿ. ಒಬ್ಳೇ ಸಾಕು."

ಊಟವಾದ ಮೇಲೆ ಅವನೇ ನೆನಪಿಸಿದ. "ಹ್ಞಾ, ಅವ್ವಾ. ಮಾತು ಮಾತೇ."

ಎಲ್ಲರೂ ಮಗ್ಗದ ಕೋಣೆಗೆ ಹೋದೆವು. ದೊಡ್ಡವ್ವ ಗುಣಿಯಂಚಿನಲ್ಲಿ ಕೂತು ಕಾಲು ಇಳಿಬಿಟ್ಟಳು. ಹಲಗೆ ತುಳಿದು, ಲಾಳಿ ಆ ಕಡೆ ಈ ಕಡೆ ಓಡಿಸಿ, ಒಂದಿಷ್ಟು ನೇದಳು. ಅವಸರವೇ ಇಲ್ಲ. ಅವ್ವ ನನ್ನ ಕೈ ಹಿಡಿದುಕೊಂಡಿದ್ದಳು. ಅಣ್ಣ ಬಾಗಿಲ ಚೌಕಟ್ಟಿಗೆ ಒರಗಿ ನೆಲ ನೋಡುತ್ತಿದ್ದ. ಗೆಲ್ಲುವ ಆಸೆ ಅವನ ಮುಖದಲ್ಲಿ ಎಲ್ಲೂ ಕಾಣಲಿಲ್ಲ. ಅದನ್ನು ಕಂಡು, ಬಸ್ಸಿನಲ್ಲಿ ಸಿದ್ಧ ಮಾಡಿಕೊಂಡು ಬಂದ ಸಮಾರೋಪದ ಮಾತುಗಳು ನನಗೇ ನಾಚಿಕೆಯೆನಿಸಿದವು.

ದೊಡ್ಡವ್ವ ಲಾಳಿ ಇಟ್ಟಳು. ಕಾಲು ಮೇಲಕ್ಕೆ ತಂದಳು. ತೊಡೆಯ ಮೇಲೆ ಕೈಯಿಟ್ಟು, ಒಂದು ಉಸಿರು ಎಳೆದು, ಎದ್ದಳು. ಅರ್ಧದಲ್ಲಿ ಒಂದು ಕ್ಷಣ ನಿಂತಳು. ಅವ್ವ ನನ್ನ ಬೆರಳು ಮುರಿಯುವಂತೆ ಹಿಡಿದಳು. ಆಮೇಲೆ ದೊಡ್ಡವ್ವ ಪೂರ್ತಿ ನೆಟ್ಟಗಾದಳು. ಯಾರ ಕೈಯೂ ಹಿಡಿಯಲಿಲ್ಲ.

ಅಣ್ಣ ಹೋಗಿ ಕಿಟಕಿಯ ಗೋಣಿಚೀಲಕ್ಕೆ ಒಂದು ತಂಬಿಗೆ ನೀರು ಚಿಮುಕಿಸಿ ಬಂದ. ಮಗ್ಗ ಉಳಿಯಿತು ಎಂದು ಅವನು ಹೇಳಿದ್ದು ಅಷ್ಟೇ.

ಈಗ ನಾನು ಬಾಯಿ ತೆರೆದೆ. "ನೋಡಿದ್ಯಾ ಅಣ್ಣಾ, ನಾನು ಮೊದಲ ದಿನವೇ..."

"ಏ ಬಾರೇ ಇಲ್ಲಿ," ಎಂದಳು ದೊಡ್ಡವ್ವ. "ಭಾಷಣ ಆಮೇಲೆ. ಕುಂತ್ಕೋ ಇಲ್ಲಿ. ಕಾಲು ಬಿಡು. ಈಗ ಹಂಗೇ ಎದ್ದೇಳು, ನೆಲಕ್ಕೆ ಕೈ ಊರಬ್ಯಾಡ."

ನಗುತ್ತಲೇ ಕೂತೆ. ಕಾಲು ಮೇಲೆ ತಂದೆ. ತೊಡೆಯ ಮೇಲೆ ಕೈಯಿಟ್ಟೆ. ಇಪ್ಪತ್ತರ ಪ್ರಾಯದ ಮೊಣಕಾಲು ಕಟಕ್ಕೆಂದಿತು. ಅರ್ಧ ಎದ್ದು, ತೂಗಾಡಿ, ಧಪ್ಪನೆ ಕೂತೆ. ಮತ್ತೊಮ್ಮೆ ಪ್ರಯತ್ನಿಸಿದೆ. ಮತ್ತೆ ಧಪ್. ಎರಡು ತಿಂಗಳು ಬಿಸಿಲಿನ ಮಹಿಮೆಯನ್ನು ಲೈಬ್ರರಿಯ ಟ್ಯೂಬ್‌ಲೈಟಿನ ಕೆಳಗೆ ಕೂತು ಓದಿದವಳು ನಾನು.

"ನೋಡ್ರೇ," ಎಂದಳು ದೊಡ್ಡವ್ವ, ಸೆರಗು ಬಾಯಿಗೆ ಒತ್ತಿಕೊಂಡು. "ಇವಳ್ಗೂ ಎಂಡ ಸಾಲ್ತಾ ಇಲ್ಲ." ಆಮೇಲೆ ನನ್ನ ಕಡೆ ತಿರುಗಿ ನನ್ನ ಹೆಸರಿನ ಬದಲು ಅವ್ವನ ಹೆಸರು ಹಿಡಿದು ಕರೆದಳು. ಮರೆತು ಕರೆದಳೋ, ನನ್ನನ್ನು ಮುದುಕಿ ಮಾಡಲು ಕರೆದಳೋ, ನನಗೆ ಇವತ್ತಿಗೂ ಗೊತ್ತಾಗಿಲ್ಲ. ಕೇಳಲೂ ಇಲ್ಲ.

ಅಣ್ಣ ಬಾಗಿಲಿನಿಂದ ಹೊರಗೆ ಇಣುಕಿ, ಗುಡ್ಡೆ ನೋಡಿ, ಗುಣಿಯಂಚಿನಲ್ಲಿ ಕೂತಿದ್ದ ನನ್ನನ್ನು ನೋಡಿದ.

"ಅವ್ವಾ, ಅರ್ಧ ಲೋಡು ಮಣ್ಣು ಇನ್ನೂ ಐತೆ. ಇವಳ್ನ ಒಳಗಿಟ್ಟು ಮುಚ್ಚಿಬಿಡ್ಲಾ?"